ಸುಲ್ತಾನರ ಕುರ್ಚಿ

ಬ್ಯಾಡಗಿಯ ಹಮಾಲರು ಮೆಣಸಿನಕಾಯಿ ಚೀಲವನ್ನು ಬೆನ್ನಿಗೇರಿಸುವಾಗ ಮಾತು ನಿಲ್ಲಿಸುವುದಿಲ್ಲ. ಬಾಯೊಳಗೆ ಎಲೆಯಡಿಕೆ, ಬಾಯಿಂದ ಹೊರಗೆ ನೆರೆಮನೆಯ ಜಗಳ, ಬೆನ್ನ ಮೇಲೆ ತಮಗಿಂತ ದಪ್ಪನೆಯ ಚೀಲ, ಇಷ್ಟನ್ನೂ ಒಂದೇ ನಡಿಗೆಯಲ್ಲಿ ಲಾರಿಯವರೆಗೆ ಒಯ್ಯುತ್ತಾರೆ. ಆದರೆ ಅದೇ ಚೀಲಗಳ ಯಜಮಾನರು, ಹೆಬ್ಬೆರಳಿನಷ್ಟೆತ್ತರದ ಪ್ಲಾಸ್ಟರ್ ಕುದುರೆಯೊಂದನ್ನು ಮೇಜಿನ ಮೇಲೆ ಒಂದು ಗೇಣು ಮುಂದೆ ಸರಿಸುವಾಗ ಉಸಿರು ಬಿಗಿಹಿಡಿಯುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ, ಕುದುರೆಯನ್ನು ಕೆಳಗಿಟ್ಟ ಮೇಲೆ ಸೊಂಟಕ್ಕೆ ಕೈಕೊಟ್ಟು ದೊಡ್ಡದೊಂದು ನಿಟ್ಟುಸಿರು ಬಿಡುತ್ತಾರೆ. ವಸ್ತು ಹಗುರವಾದಷ್ಟೂ ಗಂಡಸರಿಗೆ ಭಾರವಾಗುವುದೇಕೆ ಎಂದು ಯಾರಾದರೂ ಸಂಶೋಧನೆ ಮಾಡುವುದಿದ್ದರೆ ಅವರು ದೂರ ಹೋಗಬೇಕಾಗಿಲ್ಲ. ರವಿವಾರ ಮಧ್ಯಾಹ್ನ ನಮ್ಮ ಶಿವಲಿಂಗಪ್ಪ ಮಾಮಾನ ಗೋದಾಮಿಗೆ ಬಂದರೆ ಸಾಕು.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಆತನ ಗೋದಾಮಿನಲ್ಲಿ, ಕಾಯಿ ಆರಿಸುವ ಉದ್ದನೆಯ ಮೇಜಿನ ಮೇಲೆ, ಪ್ರತಿ ರವಿವಾರ ರಕ್ಕಸಗಿ-ತಂಗಡಗಿಯ ಕದನ ನಡೆಯುತ್ತದೆ. ಶಾಲೆಯಲ್ಲಿ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದವರಿಗೂ ಈ ಕದನ ನೆನಪಿರುತ್ತದೆ: ಒಂದು ಕಡೆ ವಿಜಯನಗರ, ಇನ್ನೊಂದು ಕಡೆ ಒಗ್ಗಟ್ಟಾಗಿ ಬಂದ ಸುಲ್ತಾನರು, ಸಂಜೆಯೊಳಗೆ ವಿಜಯನಗರದ ಮುಪ್ಪಿನ ದಳಪತಿ ಸೆರೆಸಿಕ್ಕು, ಸೈನ್ಯ ಚೆದುರಿ, ರಾಜಧಾನಿ ಹಾಳಾಯಿತು. ಇದು ಪಠ್ಯಪುಸ್ತಕದ ಮಾತು. ಮಾಮಾನ ಗೋದಾಮಿನಲ್ಲಿ ಮಾತ್ರ ಈ ಅಪಘಾತವನ್ನು ವಾರಕ್ಕೊಮ್ಮೆ ಸರಿಪಡಿಸಲಾಗುತ್ತಿತ್ತು. ಅಲ್ಲಿ ವಿಜಯನಗರ ಗೆಲ್ಲುತ್ತಿತ್ತು. ಈ ರವಿವಾರ ಗೆದ್ದಿತ್ತು, ಹೋದ ರವಿವಾರ ಗೆದ್ದಿತ್ತು, ಅದರ ಹಿಂದಿನ ರವಿವಾರ ಮಳೆ ಬಂದು ಗೋದಾಮು ಸೋರಿದರೂ ಗೆದ್ದಿತ್ತು. ಗೆದ್ದ ಮೇಲೆ ಒಳಮನೆಯಿಂದ ಮಿರ್ಚಿ ಭಜಿ ಬರುತ್ತಿತ್ತು.

ಈ ಆಟವನ್ನು ನಮ್ಮ ಭಾಗಕ್ಕೆ ತಂದ ಕೀರ್ತಿ ಹಾವೇರಿಯ ವಕೀಲರೊಬ್ಬರದು. ಅವರ ಹೆಸರು ಗುರುಶಾಂತಪ್ಪ, ಆದರೆ ಅವರ ಹೆಂಡತಿ ಕೂಡ ಅವರನ್ನು ವಕೀಲರೆಂದೇ ಕರೆಯುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಅವರು ಯಾವುದೋ ಕೋರ್ಟಿನ ಖಟ್ಲೆಗೆಂದು ಬೆಂಗಳೂರಿಗೆ ಹೋದವರು ಹಳೆಯ ಪುಸ್ತಕದಂಗಡಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಕೊಂಡು ತಂದರು. ಪುಟ್ಟ ಗೊಂಬೆ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ಅಳತೆಪಟ್ಟಿ ಹಿಡಿದು ನಡೆಸಿ, ದಾಳ ಉರುಳಿಸಿ, ಹಳೆಯ ಕಾಳಗಗಳನ್ನು ಮತ್ತೆ ಹೋರಾಡುವುದು ಹೇಗೆಂಬ ನಿಯಮಗಳು ಅದರಲ್ಲಿದ್ದವು. ವಕೀಲರು ನಿಯಮದ ಪುಸ್ತಕವನ್ನು ವಕೀಲರು ಓದುವಂತೆಯೇ ಓದಿದರು, ಅಂದರೆ ಎಲ್ಲಿ ನುಸುಳಬಹುದು ಎಂದು ನೋಡುತ್ತ.

ಸೈನಿಕರು ಎಲ್ಲಿ ಸಿಗಬೇಕು? ಬ್ಯಾಡಗಿಯ ಪೇಟೆಯಲ್ಲಿ ಪ್ಲಾಸ್ಟಿಕ್ ಬಂದೂಕು ಹಿಡಿದ ಹಸಿರು ಸಿಪಾಯಿಗಳಿದ್ದರು. ಅವರನ್ನು ವಿಜಯನಗರಕ್ಕೆ ಸೇರಿಸಿಕೊಳ್ಳಲು ಮಾಮಾನ ಆತ್ಮಗೌರವ ಒಪ್ಪಲಿಲ್ಲ. ಆಗ ಮಾಮಾನ ಹೆಂಡತಿ ನೀಲಮ್ಮ ಅತ್ತೆ ಅಟ್ಟದ ಮೇಲಿಂದ ಕಟ್ಟಿಗೆಯ ಅಚ್ಚುಗಳನ್ನು ಇಳಿಸಿಕೊಟ್ಟಳು. ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಮಾಡುವ ಅಚ್ಚುಗಳು ನಮ್ಮ ಕಡೆ ಯಾವ ಮನೆಯಲ್ಲಿಲ್ಲ? ಆನೆ, ಕುದುರೆ, ಒಂಟೆ, ರಾಜ ಎಲ್ಲ ಸಿದ್ಧವಾಗಿದ್ದವು. ಕಾಲಾಳು ಮಾತ್ರ ಇರಲಿಲ್ಲ, ಏಕೆಂದರೆ ಆರತಿ ತಟ್ಟೆಯಲ್ಲಿ ಕಾಲಾಳುಗಳಿಗೆ ಯಾರೂ ಜಾಗ ಕೊಡುವುದಿಲ್ಲ. ಹೀಗಾಗಿ ನವಿಲುಗಳು ಬಿಲ್ಲಾಳುಗಳಾದವು, ಗಿಳಿಗಳು ಭಾಲೆ ಹಿಡಿದ ಪದಾತಿಗಳಾದವು, ತುಳಸಿಕಟ್ಟೆಗಳಿಗೆ ಕಪ್ಪು ಬಣ್ಣ ಬಳಿದು ಸುಲ್ತಾನರ ತೋಪುಗಳೆಂದು ಸಾಲಾಗಿ ನಿಲ್ಲಿಸಲಾಯಿತು. ತುಳಸಿಕಟ್ಟೆಯಿಂದ ಗುಂಡು ಹಾರಿಸಿದ ಕೀರ್ತಿ ದಖ್ಖನದ ಸುಲ್ತಾನರಿಗೆ ಬ್ಯಾಡಗಿಯಲ್ಲಲ್ಲದೆ ಬೇರೆಲ್ಲೂ ದಕ್ಕಿರಲಾರದು. ಮೊದಲ ಸೈನ್ಯವನ್ನು ಅಚ್ಚಿನ ಧರ್ಮಕ್ಕೆ ಬದ್ಧರಾಗಿ ಸಕ್ಕರೆಯಲ್ಲೇ ಎರೆದಿದ್ದರು. ಬೆಳಗಾಗುವುದರೊಳಗೆ ಇರುವೆಗಳು ಎರಡೂ ಪಕ್ಷಗಳನ್ನು ಭೇದಭಾವವಿಲ್ಲದೆ ಗೆದ್ದುಕೊಂಡಿದ್ದವು. ಎರಡನೆಯ ಸೈನ್ಯವನ್ನು ಪ್ಲಾಸ್ಟರಿನಲ್ಲಿ ಎರೆದರು.

ಗೋದಾಮು ಮೆಣಸಿನಕಾಯಿಯದಾದ್ದರಿಂದ ಇಂಗ್ಲಿಷ್ ಪುಸ್ತಕಕ್ಕೆ ಗೊತ್ತಿಲ್ಲದ ಒಂದು ನಿಯಮವನ್ನು ಸೇರಿಸಬೇಕಾಯಿತು. ಬ್ಯಾಡಗಿ ಕಾಯಿ ನಾಲಗೆಗೆ ಸೌಮ್ಯವಿರಬಹುದು, ಮೂಗಿಗಲ್ಲ. ಒಬ್ಬ ದಳಪತಿ ಸೀನಿದರೆ ಎದುರಿನ ಅಶ್ವದಳ ಅರ್ಧಕ್ಕರ್ಧ ಮಗುಚಿಕೊಳ್ಳುತ್ತಿತ್ತು. ಆದ್ದರಿಂದ, ದಾಳದಿಂದ ಬಿದ್ದವರು ಸತ್ತವರು, ಸೀನಿನಿಂದ ಬಿದ್ದವರನ್ನು ಎತ್ತಿ ನಿಲ್ಲಿಸತಕ್ಕದ್ದು. ಈ ಕಾನೂನನ್ನು ರಚಿಸಿದವರು ವಕೀಲರು. ಎತ್ತಿ ನಿಲ್ಲಿಸತಕ್ಕವಳು ನಾನು.

ಇನ್ನೊಂದು ತೊಡಕು ಗುಟ್ಟಿನದು. ಪುಸ್ತಕದ ಪ್ರಕಾರ ಪ್ರತಿ ಸರದಿಯಲ್ಲೂ ಇಬ್ಬರು ದಳಪತಿಗಳು ತಮ್ಮ ಆಜ್ಞೆಯನ್ನು ಚೀಟಿಯಲ್ಲಿ ಬರೆದು ಪಂಚನ ಕೈಗೆ ಕೊಡಬೇಕು. ಆದರೆ ವ್ಯವಹಾರ ಕುದುರುವ ಮೊದಲೇ ಬರೆದುಕೊಡುವುದೆಂದರೆ ನಮ್ಮ ವರ್ತಕರಿಗೆ ಮೈಮೇಲೆ ಹಲ್ಲಿ ಬಿದ್ದಂತೆ. ಪಂಚನಾಗಿ ಒಪ್ಪಿಕೊಂಡಿದ್ದ ಬಸಪ್ಪಜ್ಜ ಹಾವೇರಿಯ ದನದ ಪೇಟೆಯಲ್ಲಿ ಆಯುಷ್ಯವಿಡೀ ದಲಾಲಿ ಮಾಡಿದವನು. ಎತ್ತಿನ ವ್ಯಾಪಾರದಲ್ಲಿ ಮಾರುವವನು, ಕೊಳ್ಳುವವನು ದಲಾಲನ ಕೈಯನ್ನು ಟುವಾಲಿನ ಕೆಳಗೆ ಹಿಡಿದು, ಬೆರಳೊತ್ತಿ ಬೆಲೆ ಹೇಳುತ್ತಾರೆ. ಮೇಲೆ ನಿಂತವರಿಗೆ ಟುವಾಲು ಮಿಸುಕಾಡುವುದಷ್ಟೇ ಕಾಣುತ್ತದೆ. ಬಸಪ್ಪಜ್ಜ ಹೆಗಲ ಮೇಲಿನ ಟುವಾಲು ತೆಗೆದು ಮೇಜಿನ ಮೇಲೆ ಹರವಿ, "ಬರ್ರಿ, ಬೆರಳ ಕೊಡ್ರಿ" ಎಂದ. ಅಂದಿನಿಂದ ಎಷ್ಟು ಬೆರಳೋ ಅಷ್ಟು ದಳ ಮುಂದಕ್ಕೆ; ಮುಷ್ಟಿ ಎಂದರೆ ನಿಂತಲ್ಲೇ ನಿಲ್ಲು; ಅಂಗೈ ಬಿಚ್ಚಿದರೆ ತೋಪು ಹಾರಿಸು. ಇಬ್ಬರ ಕೈಯೂ ಮುಟ್ಟಿದ ಮೇಲೆ ಅಜ್ಜ ಎರಡೂ ಆಜ್ಞೆಗಳನ್ನು ಕೂಗಿ ಹೇಳುತ್ತಿದ್ದ. ಮಹಾಸಾಮ್ರಾಜ್ಯವೊಂದರ ಭವಿತವ್ಯ ಎತ್ತಿನ ಬೆಲೆಯಂತೆ ನಿರ್ಧಾರವಾಗುವುದನ್ನು ನೋಡಿ ನನಗೆ ಅವಮಾನವೇನೂ ಆಗಲಿಲ್ಲ. ನಿಜವಾದ ಸಾಮ್ರಾಜ್ಯಗಳೂ ಇದಕ್ಕಿಂತ ಘನವಾದ ರೀತಿಯಲ್ಲಿ ನಡೆದಿರಲಿಕ್ಕಿಲ್ಲವೆಂದು ಧಾರವಾಡದಲ್ಲಿ ಎರಡು ವರ್ಷ ಇತಿಹಾಸ ಓದಿ ಬಂದವಳಿಗೆ ಅನುಮಾನವಿತ್ತು.

ಮಾಮಾ ಮತ್ತು ವಕೀಲರು ಇಬ್ಬರೂ ವಿಜಯನಗರ. ಹಾಗಾದರೆ ಸುಲ್ತಾನರು ಯಾರು? ರಾಣೆಬೆನ್ನೂರಿನ ಬೀಜದಂಗಡಿಯ ರಾಜೇಸಾಬರು. ಈ ಹಂಚಿಕೆ ಆದ ದಿನ ನಾನು ಅಲ್ಲಿಯೇ ಇದ್ದೆ. ಯಾರೂ ಅವರನ್ನು ಕೇಳಲಿಲ್ಲ. ಮದುವೆಮನೆಯಲ್ಲಿ ಯಾರನ್ನು ಯಾವ ಪಂಕ್ತಿಗೆ ಕೂಡಿಸಬೇಕೆಂಬುದು ತಾನಾಗಿಯೇ ಇತ್ಯರ್ಥವಾಗುವಂತೆ ಅವರಿಗೆ ಆ ಕಡೆಯ ಕುರ್ಚಿ ಇತ್ಯರ್ಥವಾಯಿತು.

"ನಿಮಗ ಅದು ಚಲೋ ಒಪ್ಪತೈತಿ ಬಿಡ್ರಿ ಸಾಹೇಬ್ರ" ಎಂದರು ವಕೀಲರು.

"ಒಪ್ಪಲಾರದ ಏನ್ರಿ" ಎಂದು ರಾಜೇಸಾಬರು ಗಡ್ಡ ನೀವಿಕೊಂಡರು. "ನಮ್ಮ ಮುತ್ಯಾ ಬಿಜಾಪುರದ ತಖ್ತದ ಮ್ಯಾಲೆ ಕುಂತ ಹತ್ತೀಬೀಜ ಮಾರತಿದ್ದ. ಅಲ್ಲಿಂದ ಸಾಲಿ ಮುಂದಿನ ಅಂಗಡಿಗೆ ಬದಲಿ ಆತು."

ಎಲ್ಲರೂ ನಕ್ಕರು. ರಾಜೇಸಾಬರೂ ನಕ್ಕರು. ನಾಲ್ಕು ತಲೆಮಾರಿನಿಂದ ಅವರ ಮನೆತನ ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆ ಬಿಟ್ಟು ಆಚೆ ಹೋಗಿರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ನಗು ಮುಗಿದ ಮೇಲೆ ಅವರು ಹೋಗಿ ಸುಲ್ತಾನರ ಕುರ್ಚಿಯಲ್ಲಿ ಕುಳಿತರು, ಕುಳಿತು, ಸೋತರು, ಸೋತು, ಭಜಿ ತಿಂದರು.

ಇನ್ನು ನನ್ನ ಪಾತ್ರ. ನಾನು ಎಂ.ಎ. ಮುಗಿಸಿ, ಹಾವೇರಿಯ ಕಾಲೇಜೊಂದರಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದೆ. ವಾರದಲ್ಲಿ ಆರು ದಿನ ರಾಣೆಬೆನ್ನೂರಿನಿಂದ ಹಾವೇರಿಗೆ ಬಸ್ಸು, ಏಳನೆಯ ದಿನ ಬ್ಯಾಡಗಿಗೆ ಬಸ್ಸು. ಮಾಮಾ ಮೊದಮೊದಲು ನನ್ನನ್ನು ಬಹಳ ಅಭಿಮಾನದಿಂದ ಕರೆಸಿಕೊಂಡಿದ್ದ: "ನಮ್ಮ ಹುಡುಗಿ ಹಿಸ್ಟ್ರಿ ಓದ್ಯಾಳ, ಆಕೀನ ಕೇಳೂಣ." ಅವರು ಕೇಳಿದ್ದು, ವಿಜಯನಗರ ಅಂದು ಹೇಗೆ ಗೆಲ್ಲಬಹುದಾಗಿತ್ತು ಎಂದು. ನಾನು ಹೇಳಿದ್ದು, ಹೇಗೆ ಸೋತಿತು ಎಂದು. ಆನೆಗಳನ್ನು ನಂಬಿ ನಡುವೆ ನುಗ್ಗಿದ್ದು, ಹತ್ತಿರ ಬರುವವರೆಗೂ ತೋಪುಗಳು ಸುಮ್ಮನಿದ್ದದ್ದು, ಇಷ್ಟು ಹೇಳುವಷ್ಟರಲ್ಲಿ ಮಾಮಾ, "ಅವ್ವಾ, ಒಳಗ ಅತ್ತಿ ಒಬ್ಬಾಕಿನ ಅದಾಳ ನೋಡು" ಎಂದ. ಅಂದಿನಿಂದ ಇತಿಹಾಸದ ಸ್ನಾತಕೋತ್ತರ ಪದವೀಧರೆಗೆ ಮೂರು ಖಾತೆಗಳು ದೊರೆತವು: ಚಹಾ ತರುವುದು, ಸೀನಿಗೆ ಬಿದ್ದವರನ್ನು ನಿಲ್ಲಿಸುವುದು, ಮುರಿದ ಆನೆಸೊಂಡಿಲುಗಳಿಗೆ ಅಂಟು ಹಚ್ಚುವುದು. ಕೊನೆಯದರಲ್ಲಿ ನಾನು ಪ್ರಾವೀಣ್ಯ ಪಡೆದೆ. ನಾನು ಅಂಟಿಸಿದ ಸೊಂಡಿಲು ಒಂದೂ ಮತ್ತೆ ಮುರಿದಿಲ್ಲ.

ನಾನು ಹೆಚ್ಚು ಮಾತನಾಡುವವಳಲ್ಲ. ಮಾತನಾಡದವರಿಗೆ ಏನೂ ಬೇಕಾಗಿರುವುದಿಲ್ಲವೆಂದು ಜನ ತಿಳಿಯುತ್ತಾರೆ. ನನಗೆ ಒಂದು ಕುರ್ಚಿ ಬೇಕಾಗಿತ್ತು. ಆ ಮೇಜಿಗೆ ಎದುರಾಗಿ, ಯಾವ ಪಕ್ಷದ್ದಾದರೂ ಆಗಲಿ, ಒಂದು ಸೈನ್ಯದ ಹಿಂದೆ ಕುಳಿತು ಬೆರಳೊತ್ತುವ ಹಕ್ಕು ಬೇಕಾಗಿತ್ತು. ಇದು ಬಹಳ ಸಣ್ಣ ಆಸೆ, ಗಿಳಿಗಳನ್ನು ಪದಾತಿಗಳೆಂದು ನಂಬಬೇಕಾದ ಆಸೆ. ಆದರೂ ಬಸ್ಸಿನ ಕಿಟಕಿಗೆ ತಲೆಯಾನಿಸಿ ಹಾವೇರಿಯಿಂದ ಮರಳುವಾಗ ನಾನು ಯೋಚಿಸುತ್ತಿದ್ದುದು ಕಾಲೇಜಿನ ನೌಕರಿ ಕಾಯಮಾಗುವ ಬಗ್ಗೆ ಅಲ್ಲ, ಎಡಬದಿಯ ಅಶ್ವದಳವನ್ನು, ಮೇಜಿನ ಮೇಲೆ ಗೋಣಿತಾಟು ಮಡಚಿ ಮಾಡಿದ ಹಳ್ಳದ ಆಚೆ ಬಚ್ಚಿಡುವ ಬಗ್ಗೆ.

ಆಡದೆ ನೋಡುವವರಿಗೆ ಆಡುವವರಿಗಿಂತ ಹೆಚ್ಚು ಕಾಣುತ್ತದೆ. ನನಗೆ ಕಂಡದ್ದು ರಾಜೇಸಾಬರ ಸೋಲು. ಮಾಮಾನ ಆನೆಗಳು ಮೇಜಿನ ನಡುವೆ ನುಗ್ಗಿ ಬರುತ್ತಿದ್ದವು. ತೋಪಿನ ಗುಂಡು ತಗಲಬೇಕಾದರೆ ಅವು ಒಂದು ಗೇಣಿನೊಳಗೆ ಬರುವವರೆಗೆ ಕಾಯಬೇಕು. ರಾಜೇಸಾಬರು ಯಾವಾಗಲೂ ಒಂದು ಸರದಿ ಮೊದಲೇ ಅಂಗೈ ಬಿಚ್ಚುತ್ತಿದ್ದರು. ಗುಂಡುಗಳೆಲ್ಲ ಹುಸಿಹೋಗಿ, ತೋಪುಗಳಿಗೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಆನೆಗಳು ತುಳಸಿಕಟ್ಟೆಗಳನ್ನು ತುಳಿಯುತ್ತಿದ್ದವು. ಒಮ್ಮೆ ಹೀಗಾದರೆ ಅವಸರ ಎನ್ನಬಹುದು. ರವಿವಾರದ ಮೇಲೆ ರವಿವಾರ, ಎರಡು ಸರದಿ ಮೊದಲೂ ಅಲ್ಲ, ಸರಿಯಾದ ಹೊತ್ತಿಗೂ ಅಲ್ಲ, ಕರಾರುವಾಕ್ಕಾಗಿ ಒಂದೇ ಸರದಿ ಮೊದಲು ತಪ್ಪು ಮಾಡಬೇಕಾದರೆ ಸರಿ ಯಾವುದೆಂದು ಚೆನ್ನಾಗಿ ತಿಳಿದಿರಬೇಕು.

ಒಂದು ದಿನ ಅಪ್ಪನಿಗೆ ಸವತೆಬೀಜ ತರುವ ನೆಪದಲ್ಲಿ ಅವರ ಅಂಗಡಿಗೆ ಹೋದೆ. ಗಿರಾಕಿಗಳು ಕರಗಿದ ಮೇಲೆ, "ನೀವು ಬೇಕಂತಲೇ ಸೋಲ್ತೀರಿ" ಎಂದೆ. ನನ್ನ ಮಟ್ಟಿಗೆ ಅದು ಭಾಷಣ.

ರಾಜೇಸಾಬರು ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾದರು. "ಅವ್ವಾ, ನಿಮ್ಮ ಮಾಮಾ ನನ್ನ ಗಿರಾಕಿ. ಆತನ ಮಾತ ಕೇಳಿ ಸುತ್ತ ಹಳ್ಳಿ ಮಂದಿ ನನ್ನ ಕಡೆ ಬೀಜಕ್ಕ ಬರ್ತಾರ. ಅದೂ ಇರ್ಲಿ. ಐತವಾರ ಮಧ್ಯಾಹ್ನ ಮನ್ಯಾಗ ಕುಂತ್ರ ನನಗ ಹೊತ್ತ ಹೋಗೂದಿಲ್ಲ. ಗೆಲ್ಲೂದು ಏನ್ ದೊಡ್ಡ ಮಾತಲ್ಲ. ಗೆದ್ದ ಮ್ಯಾಲೆ ಮುಂದಿನ ಐತವಾರ ಕರೀಬೇಕಲ್ಲ?"

"ಅವರಿಗೆ ಗೊತ್ತಾಗೂದಿಲ್ಲೇನು?"

"ಗೊತ್ತಾಗಬಾರ್ದು ಅಂತನ ಒಂದು ಸರದಿ ಮೊದಲ ಹಾರಸ್ತೀನಿ. ಎರಡು ಸರದಿ ಮೊದಲ ಹಾರಿಸಿದ್ರ ಅವಮಾನ ಆಗತೈತಿ ಅವರಿಗೆ."

ಇಷ್ಟು ನಾಜೂಕಾದ ಶಿಷ್ಟಾಚಾರವನ್ನು ನಾನು ಯಾವ ಆಸ್ಥಾನದ ವರ್ಣನೆಯಲ್ಲೂ ಓದಿರಲಿಲ್ಲ. ವಿಜಯನಗರದ ವೈಭವ ಇಷ್ಟು ದಿನ ನಿಂತದ್ದು ಬೀಜದಂಗಡಿಯ ಸೌಜನ್ಯದ ಮೇಲೆ! ಮನೆಗೆ ಬರುವ ದಾರಿಯಲ್ಲಿ ನಗು ಬಂತು. ಮನೆ ಮುಟ್ಟುವಷ್ಟರಲ್ಲಿ ಹೋಯಿತು. ಏಕೆಂದರೆ ಅವರ ಕಲೆ ನನಗೂ ಅಪರಿಚಿತವೇನಾಗಿರಲಿಲ್ಲ. ಕಾಲೇಜಿನ ಸಭೆಯಲ್ಲಿ ಹಿರಿಯ ಅಧ್ಯಾಪಕರು ತಪ್ಪು ಹೇಳಿದಾಗ ಪೆನ್ನಿನ ಮುಚ್ಚಳ ನೋಡುತ್ತ ಕೂರುವುದು, ಅಪ್ಪನ ಗೆಳೆಯರ ಎದುರು ಗೊತ್ತಿದ್ದ ಉತ್ತರವನ್ನು ಅರ್ಧಕ್ಕೇ ನಿಲ್ಲಿಸುವುದು, ಇವೂ ಒಂದು ಸರದಿ ಮೊದಲೇ ಹಾರಿಸಿದ ತೋಪುಗಳೇ ಆಗಿದ್ದವು.

ಆ ಬೇಸಿಗೆಯಲ್ಲಿ ರಾಜೇಸಾಬರ ಮಗಳಿಗೆ ಹುಬ್ಬಳ್ಳಿಯಲ್ಲಿ ಹೆರಿಗೆಯ ದಿನ ಹತ್ತಿರ ಬಂದು ಅವರು ಅಲ್ಲಿಗೆ ಹೊರಟರು. ಹೊರಡುವ ಮುನ್ನ ಮಾಮಾನಿಗೆ ಫೋನು ಮಾಡಿ, ತಮ್ಮ ಜಾಗದಲ್ಲಿ ಹುಡುಗಿಯನ್ನು ಕೂಡಿಸಿರೆಂದು ಹೇಳಿದರು. ಮಾಮಾ ಒಪ್ಪಿದ್ದು ಉದಾರತೆಯಿಂದಲ್ಲ, ಸುಲ್ತಾನರಾಗಲು ಬ್ಯಾಡಗಿಯಲ್ಲಿ ಬೇರೆ ಯಾರೂ ಸಿಗದಿದ್ದುದರಿಂದ. ಅಂಬಾರಿಯ ಆನೆಯ ಮೇಲೆ ಕೂರಲು ಇಡೀ ಓಣಿ ತಯಾರಿತ್ತು; ತುಳಸಿಕಟ್ಟೆಯ ಹಿಂದೆ ನಿಲ್ಲಲು ಒಬ್ಬರೂ ಇಲ್ಲ.

ನಾನು ಕುರ್ಚಿಯಲ್ಲಿ ಕುಳಿತೆ. ಅದು ಹೇಗಿತ್ತೆಂದು ಬರೆಯುವುದಿಲ್ಲ. ಕುಳಿತ ಕೂಡಲೇ ಎದ್ದ ಪ್ರಶ್ನೆ ಟುವಾಲಿನದು. ಮದುವೆಯಾಗದ ಹುಡುಗಿಯ ಕೈಯನ್ನು ಅರಿವೆಯ ಕೆಳಗೆ ಹಿಡಿಯುವುದು ಹೇಗೆ? ಬಸಪ್ಪಜ್ಜ ಕೈ ಹಿಂದಕ್ಕೆಳೆದುಕೊಂಡ. ವಕೀಲರು ಹಿಂದಿನ ನಿದರ್ಶನ ಹುಡುಕಿದರು, ಸಿಗಲಿಲ್ಲ. ಮಾಮಾ ಚೀಟಿ ಬರೆಯಲಿ ಎಂದ. ಚೀಟಿಯನ್ನು ಬಸಪ್ಪಜ್ಜ ಕೈಗೆ ಬಂದ ಕೂಡಲೇ ಗಟ್ಟಿಯಾಗಿ ಓದುವವನಾದ್ದರಿಂದ ಅದು ಗುಟ್ಟಾಗುವಂತಿರಲಿಲ್ಲ. ಎಲ್ಲರ ಎದುರಿಗೆ ಬೆರಳು ತೋರಿಸಲಿ ಎಂದರು ವಕೀಲರು, ವಿಜಯನಗರದ ಹಿತದೃಷ್ಟಿಯಿಂದ. ಚರ್ಚೆ ಚಹಾ ತಣ್ಣಗಾಗುವವರೆಗೆ ನಡೆಯಿತು. ಗುಟ್ಟು ಮುಚ್ಚಲೆಂದು ಹುಟ್ಟಿದ ಟುವಾಲು ತಾನೇ ಒಂದು ಗುಟ್ಟಿನ ವಿಷಯವಾಗಿಬಿಟ್ಟಿತ್ತು.

ಕೊನೆಗೆ ಬಾಗಿಲಲ್ಲಿ ನಿಂತಿದ್ದ ನೀಲಮ್ಮ ಅತ್ತೆ ಬಾಯಿ ಬಿಟ್ಟಳು: "ಬಳಿಗಾರ ಹಿಡೀತಾನಲ್ಲ ಕೈ? ಬಜಾರದಾಗ, ನಾಲ್ಕು ಮಂದಿ ಮುಂದ, ತಾಸಗಟ್ಟಲೆ? ಆವಾಗ ಯಾರ ಮರ್ಯಾದಿ ಎಲ್ಲಿ ಹೋಗಿತ್ತು? ಈ ಅಜ್ಜಗ ಕಣ್ಣ ಕಾಣಾಂಗಿಲ್ಲ, ಕಿವಿ ಕೇಳಾಂಗಿಲ್ಲ, ಕೈ ಹಿಡದ್ರ ಏನ್ ಕಡೀತಾನ?"

"ಕಿವಿ ಕೇಳತೈತಿ ಬೇ" ಎಂದ ಬಸಪ್ಪಜ್ಜ ನೊಂದುಕೊಂಡು. ನ್ಯಾಯ ಮುಗಿಯಿತು. ಟುವಾಲು ಹರಡಿತು.

ಕದನ ಎಂದಿನಂತೆಯೇ ಸಾಗಿತು. ವಕೀಲರ ಅಶ್ವದಳ ಬಲಗಡೆ ಒಂದಷ್ಟು ಗದ್ದಲ ಮಾಡಿತು. ನಡುವೆ ಮಾಮಾನ ಆನೆಗಳು ಹೊರಟವು, ಅತಿ ಎತ್ತರದ ಆನೆಯ ಮೇಲೆ ಮುಪ್ಪಿನ ದಳಪತಿ, ಅದರ ಸೊಂಡಿಲಿನಲ್ಲಿ ನಾನು ಹಚ್ಚಿದ ಅಂಟಿನ ಗೆರೆ. ಮಾಮಾ ಹಾಡು ಗುನುಗುತ್ತಿದ್ದ. ಒಳಗೆ ಎಣ್ಣೆ ಕಾಯುವ ವಾಸನೆ ಬರುತ್ತಿತ್ತು, ಏಕೆಂದರೆ ಗೆಲುವಿನ ಹೊತ್ತು ಅತ್ತೆಗೂ ರೂಢಿಯಾಗಿತ್ತು. ಆನೆಗಳು ಎರಡು ಗೇಣು ದೂರಕ್ಕೆ ಬಂದವು. ರಾಜೇಸಾಬರು ಅಂಗೈ ಬಿಚ್ಚುತ್ತಿದ್ದ ಸರದಿ ಇದು.

ನಾನು ಟುವಾಲಿನ ಕೆಳಗೆ ಮುಷ್ಟಿ ಕೊಟ್ಟೆ. ನಿಂತಲ್ಲೇ ನಿಲ್ಲು.

ಬಸಪ್ಪಜ್ಜನ ಒರಟು ಬೆರಳುಗಳು ನನ್ನ ಮುಷ್ಟಿಯ ಸಂದಿಗೆ ಬಂದು, ಬಹಳ ಮೃದುವಾಗಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದವು. ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು: ಅಜ್ಜನಿಗೂ ಗೊತ್ತಿತ್ತು. ಇಷ್ಟು ದಿನ ರಾಜೇಸಾಬರ ಕೈ ಹಿಡಿದವನಿಗೆ ಗೊತ್ತಿರದೆ ಇರುತ್ತದೆಯೆ? ಈತ ಪಂಚನಾಗಿ ಕೈ ಹಿಡಿದಿರಲಿಲ್ಲ, ದಲಾಲನಾಗಿ ಹಿಡಿದಿದ್ದ. ಕೊಳ್ಳುವವನ ಆಸೆಗೂ ಮಾರುವವನ ಹಟಕ್ಕೂ ನಡುವೆ ನಿಂತು, ಯಾರ ಮನಸ್ಸೂ ಮುರಿಯದಂತೆ ವ್ಯವಹಾರ ಕುದುರಿಸುವುದು ಅವನ ಜೀವನದ ವಿದ್ಯೆ. ಇಳಿಸು ಮಗಳೇ, ಇಳಿಸು, ಎನ್ನುತ್ತಿದ್ದವು ಬೆರಳುಗಳು. ಎಲ್ಲರೂ ಭಜಿ ತಿಂದು ಮನೆಗೆ ಹೋಗೋಣ.

ಮೇಲೆ ಎಲ್ಲವೂ ಶಾಂತವಾಗಿತ್ತು. ವಕೀಲರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಬಿಚ್ಚಿದರೆ ಮುಂದಿನ ರವಿವಾರವೂ ಕುರ್ಚಿ ನನ್ನದು, ಅದರ ಮುಂದಿನದೂ ನನ್ನದಾಗಬಹುದು. ಬಿಗಿಹಿಡಿದರೆ ಇಂದು ಮಾತ್ರ ನನ್ನದು. ಅಜ್ಜ ಹೆಬ್ಬೆರಳನ್ನು ಬಿಡಿಸಿದ. ನಾನು ಮಡಚಿಕೊಂಡೆ. ಮತ್ತೆ ಬಿಡಿಸಿದ. ಮತ್ತೆ ಮಡಚಿಕೊಂಡೆ. ಟುವಾಲಿನ ಕೆಳಗೆ ನಡೆದದ್ದೇ ಅಂದಿನ ನಿಜವಾದ ಕದನ. ಮೇಜಿನ ಮೇಲೆ ಆಮೇಲೆ ಆದದ್ದು ಬರೀ ಪ್ಲಾಸ್ಟರು.

"ಯಾಕ ಅಜ್ಜಾ, ಎತ್ತ ನೆಟ್ಟಗ ಇಲ್ಲೇನು?" ಎಂದು ಮಾಮಾ ಚೇಷ್ಟೆ ಮಾಡಿದ.

ಬಸಪ್ಪಜ್ಜ ನನ್ನ ಮುಖ ನೋಡಿದ. ಆಮೇಲೆ, ಹಿಡಿದ ಕೈಯ ಮಾತನ್ನು ತಿರುಚದೆ ಹೇಳುವುದೇ ದಲಾಲನ ಧರ್ಮವೆಂಬಂತೆ, ಗಂಟಲು ಸರಿಪಡಿಸಿಕೊಂಡು ಘೋಷಿಸಿದ: "ಸುಲ್ತಾನ ನಿಂತಾನ."

ಮಾಮಾನ ಗುನುಗು ನಿಂತಿತು. ಆದರೆ ಆನೆಗಳಿಗೆ ಹಿಂದೆ ಸರಿಯುವ ಅಭ್ಯಾಸವಿರಲಿಲ್ಲ. ಅವು ಒಂದು ಗೇಣಿನೊಳಗೆ ಬಂದು ನಿಂತವು. ಮುಂದಿನ ಸರದಿಯಲ್ಲಿ ನಾನು ಅಂಗೈ ಬಿಚ್ಚಿದೆ. ದಾಳಗಳು ಉರುಳಿದವು. ತುಳಸಿಕಟ್ಟೆಗಳು ತಮ್ಮ ಪೂರ್ವಜನ್ಮದ ಶಾಂತಿಯನ್ನೆಲ್ಲ ಮರೆತವು. ಆನೆಗಳು ಒಂದೊಂದಾಗಿ ಬಿದ್ದವು, ಕೊನೆಗೆ ಎತ್ತರದ ಆನೆಯೂ ಮುಪ್ಪಿನ ದಳಪತಿಯೂ ಬಿದ್ದರು. ಬಿದ್ದ ಮೇಲೆ, ಸ್ಪಷ್ಟವಾಗಿ ಬಿದ್ದ ಮೇಲೆ, ನಮ್ಮ ಮಾಮಾ ಸೀನಿದ.

"ಸೀನು!" ಎಂದರು ವಕೀಲರು, ನ್ಯಾಯಾಲಯದಲ್ಲಿ ಎದ್ದುನಿಲ್ಲುವಂತೆ ಎದ್ದುನಿಂತು. "ಸೀನಿಗೆ ಬಿದ್ದೈತಿ. ಎಬ್ಬಸ್ರಿ ಆನೀನ."

"ನೋಡ್ರಿ, ನನಗ ಮುಂಜಾನಿಂದ ನೆಗಡಿ" ಎಂದ ಮಾಮಾ.

"ಶಿವಲಿಂಗಾ" ಎಂದ ಬಸಪ್ಪಜ್ಜ, "ನೀ ಸೀನೂಕಿಂತ ಮೊದಲ ನಿನ್ನ ಆನಿ ಸತ್ತ ಹನ್ನೊಂದನೇ ದಿನದ ಊಟ ಆಗೇತಿ. ಕುಂದ್ರು."

ವಿಜಯನಗರ ಸೋತಿತು. ಭಜಿ ಬಂತು, ಯಾರೂ ಅದನ್ನು ಬಿಸಿಯಿರುವಾಗ ತಿನ್ನಲಿಲ್ಲ. ಬಿದ್ದವರನ್ನೆಲ್ಲ ಎತ್ತಿ ಡಬ್ಬಿಗೆ ತುಂಬುವ ಕೆಲಸ ನನ್ನದೇ ಆದ್ದರಿಂದ, ವಿಜೇತೆಯಾದ ನಾನು ಸೋತವರ ಸೈನ್ಯವನ್ನು ಹತ್ತಿಯಲ್ಲಿ ಸುತ್ತಿಟ್ಟು, ಕಪ್ಪುಬಸಿ ತೊಳೆದು, ಸಂಜೆಯ ಬಸ್ಸಿಗೆ ಹೊರಟೆ.

ಶನಿವಾರ ಮಾಮಾನ ಫೋನು ಬಂತು, ಅಪ್ಪನಿಗೆ. ಗೋದಾಮಿನಲ್ಲಿ ಮಾಲು ತುಂಬಿದೆ, ಈ ಐತವಾರ ಆಟವಿಲ್ಲ. ಮುಂದಿನ ಶನಿವಾರವೂ ಮಾಲು ಇತ್ತು. ಅದರ ಮುಂದಿನ ಶನಿವಾರ ಫೋನೂ ಇಲ್ಲ. ಮೆಣಸಿನಕಾಯಿಯ ಸುಗ್ಗಿ ಯಾವಾಗಿನದೆಂದು ರಾಣೆಬೆನ್ನೂರಿನವರಿಗೆ ಗೊತ್ತಿಲ್ಲವೆಂದು ಮಾಮಾ ತಿಳಿದಂತಿತ್ತು. ನಾನು ರವಿವಾರಗಳಲ್ಲಿ ಉತ್ತರಪತ್ರಿಕೆ ತಿದ್ದಿದೆ, ಆ ತಿಂಗಳು ನನ್ನ ವಿದ್ಯಾರ್ಥಿಗಳಿಗೆ ಸ್ವಲ್ಪ ಕಡಿಮೆ ಅಂಕ ಬಿದ್ದಿರಬಹುದು. ರಾಜೇಸಾಬರ ಮಾತು ನಿಜವೆಂದು ಒಪ್ಪಿಕೊಳ್ಳಲು ಬಹಳ ಕಷ್ಟವಾಯಿತು. ಅದು ನಿಜವಾಗಿತ್ತು.

ಆಮೇಲಿನ ಸುದ್ದಿ ನೀಲಮ್ಮ ಅತ್ತೆಯಿಂದ ಬಂತು. ಅವಳು ತನ್ನ ಹೊಸ ಮೊಬೈಲಿನಿಂದ ಮಿಸ್ಡ್ ಕಾಲ್ ಕೊಟ್ಟಳು, ನಾನು ತಿರುಗಿ ಮಾಡಿದೆ.

"ಆಟ ನಡದೈತಿ ಬೇ. ರಾಜೇಸಾಬ್ರು ಬಂದಾರ, ಮೊಮ್ಮಗ ಆಗ್ಯಾನಂತ. ಪೇಢೆ ತಂದಿದ್ರು. ಪೇಢೆ ಕೊಟ್ಟು ಎಲ್ಲಾರ ಬಾಯಿ ಸಿಹಿ ಮಾಡಿ, ಆಮ್ಯಾಲೆ ನಿಮ್ಮ ಮಾಮಾನ ಆನಿ ಒಂದೂ ಉಳಿಯಲಾರದಂಗ ಹೊಡದ್ರು ನೋಡು. ಹೋದ ವಾರಾನೂ ಹಂಗ. ಯಾಕ್ರೀ ಸಾಹೇಬ್ರ ಅಂದ್ರ, 'ಏನ್ ಮಾಡ್ಲಿ ವೈನಿ, ಆ ಹುಡುಗಿ ರೇಟು ಏರಿಸಿಬಿಟ್ಟಾಳ, ಹಳೀ ರೇಟಿಗೆ ಕೊಡಾಕ ಈಗ ನನಗ ನಾಚಿಕಿ ಬರತೈತಿ' ಅಂದ್ರು. ಇವರು ಊಟ ಬಿಟ್ಟಾರ."

"ಮಾಮಾ ಊಟ ಬಿಟ್ಟಾರ?"

"ರಾತ್ರೀದು. ಮಧ್ಯಾಹ್ನದ್ದು ಬಿಡಾಂಗಿಲ್ಲ."

ಮುಂದಿನ ಬುಧವಾರ ಮಾಮಾ ಸ್ವತಃ ರಾಣೆಬೆನ್ನೂರಿಗೆ ಬಂದ. ಅಪ್ಪನೊಡನೆ ತುಂಗಭದ್ರೆಯ ನೀರು ಎಷ್ಟಿದೆ ಎಂದು ಮಾತನಾಡಿದ. ಐರಣಿಯ ಕಡೆ ಯಾರೋ ಹೊಲ ಮಾರುವ ಬಗ್ಗೆ ಮಾತನಾಡಿದ. ಚಹಾ ಕುಡಿದ, ಮತ್ತೊಮ್ಮೆ ಕುಡಿದ. ಚಪ್ಪಲಿ ಹಾಕಿಕೊಳ್ಳುತ್ತ, ಚಪ್ಪಲಿಗೇ ಹೇಳುವಂತೆ, "ಐತವಾರ ಬಾ ಅವ್ವಾ. ನಮ್ಮ ಕಡೆ ಕುಂದ್ರುವಂತಿ. ಆ ಸಾಹೇಬ್ರ ಕೈ ನಮಗ ತಿಳಿಯವಲ್ದು, ನಿನಗ ತಿಳೀತೈತಿ" ಎಂದ. ಸಾಮ್ರಾಜ್ಯದ ಅಳಿವು ಉಳಿವು ನನ್ನ ಕೈಗೆ ಬಂದದ್ದು ಹೀಗೆ, ಬಾಗಿಲ ಹೊರಗೆ, ಒಂದು ಚಪ್ಪಲಿ ಹಾಕಿ ಇನ್ನೊಂದು ಹಾಕುವ ನಡುವೆ.

ರವಿವಾರ ಮಾಮಾ ಎದ್ದುನಿಂತು ತನ್ನ ಕುರ್ಚಿ ಬಿಟ್ಟುಕೊಟ್ಟ. ಎದುರಿಗೆ ರಾಜೇಸಾಬರು. ಇಬ್ಬರೂ ಮೇಜಿನ ಮೇಲೆ ಬಗ್ಗಿ ನೋಡಿದೆವು.

"ಬಿಟ್ಟುಕೊಡಬ್ಯಾಡ್ರಿ ಮತ್ತ" ಎಂದೆ, ಅವರಿಗೆ ಮಾತ್ರ ಕೇಳುವಂತೆ.

"ನಿನಗಾ? ಹುಚ್ಚು ಹಿಡದೈತೇನ ನನಗ" ಎಂದರು ಅವರು.

ಆ ಆಟ ಸಂಜೆಯ ದೀಪ ಹಚ್ಚುವವರೆಗೆ ನಡೆಯಿತು. ನಾನು ಆನೆಗಳನ್ನು ನಡುವೆ ನುಗ್ಗಿಸಲಿಲ್ಲ. ಅಶ್ವದಳವನ್ನು ಹಳ್ಳದ ಆಚೆ ಬಚ್ಚಿಟ್ಟೆ, ತಿಂಗಳುಗಟ್ಟಲೆ ಬಸ್ಸಿನಲ್ಲಿ ಬಚ್ಚಿಟ್ಟಿದ್ದಂತೆಯೇ. ಅವರು ಅದನ್ನು ಪತ್ತೆ ಹಚ್ಚಿದರು. ನಾನು ತೋಪುಗಳನ್ನು ಸುತ್ತಿ ಬಂದೆ. ಅವರು ತೋಪುಗಳನ್ನು ತಿರುಗಿಸಿ ಕಾಯುತ್ತಿದ್ದರು. ಟುವಾಲಿನ ಕೆಳಗೆ ಬಸಪ್ಪಜ್ಜ ಈಗ ಯಾರ ಬೆರಳನ್ನೂ ಬಿಡಿಸಲು ಹೋಗಲಿಲ್ಲ. ಕೊಟ್ಟದ್ದನ್ನು ಕೊಟ್ಟಂತೆ ಕೂಗಿದ. ಸೀನಿದವರು ಕೂಡ ಗೋದಾಮಿನ ಹೊರಗೆ ಹೋಗಿ ಸೀನಿ ಬಂದರು.

ನಾನು ಸೋತೆ. ಯಾರೂ ಕೊಡದ, ಯಾರೂ ಕರುಣಿಸದ, ಪೂರ್ತಿ ನನ್ನದೇ ಆದ ಸೋಲು. ನನ್ನ ಕೈಯಿಂದ ಅಂಟಿಸಿಕೊಂಡ ಆನೆಗಳು ನನ್ನ ಕೈಕೆಳಗೇ ಬಿದ್ದವು. ನಾನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಪರಾಭವ ಕೊನೆಗೂ ಬ್ಯಾಡಗಿಯಲ್ಲಿ ಪ್ರಾಮಾಣಿಕವಾಗಿ ನಡೆಯಿತು. ವಕೀಲರು ಇಷ್ಟು ದಿನ ಹುಡುಕುತ್ತಿದ್ದ ಐತಿಹಾಸಿಕ ಕಾರಣ ಅವರಿಗೆ ತಟ್ಟನೆ ಹೊಳೆಯಿತು.

"ಹೆಣ್ಮಕ್ಕಳ ಕೈಯಾಗ ಕೊಟ್ರ ಹಿಂಗನ ಆಗೂದು" ಎಂದರು.

"ಹೋದ ವಾರ ಗಂಡಸರ ಕೈಯಾಗ ಇತ್ತಲ್ಲ, ಏನಾಗಿತ್ತು?" ಎಂದು ಅತ್ತೆ ಭಜಿಯ ತಾಟು ಇಟ್ಟು ಒಳಗೆ ಹೋದಳು.

ಮಾಮಾ ಬಿದ್ದ ಆನೆಗಳನ್ನು, ಉಸಿರು ಬಿಗಿಹಿಡಿಯುವುದನ್ನೂ ಮರೆತು, ಹಿಡಿಹಿಡಿಯಾಗಿ ತಾನೇ ಎತ್ತಿ ಡಬ್ಬಿಗೆ ಹಾಕುತ್ತಿದ್ದ. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದಾಗ, ತಲೆ ಎತ್ತದೆ, "ಮುಂದಿನ ಐತವಾರ ಲಗೂ ಬಾ. ಆ ಹಳ್ಳದ ಕಡೆ ಕುದುರಿ ಬಗ್ಗೆ ಮಾತಾಡೂದೈತಿ" ಎಂದ.

ಮೋಟೆಬೆನ್ನೂರು ದಾಟುವವರೆಗೂ ನಾನು ಸಂತೋಷದಿಂದಲೇ ಇದ್ದೆ. ಆಮೇಲೆ ಬಸ್ಸು ಹೆದ್ದಾರಿಗೆ ಹೊರಳುವಾಗ ಒಂದು ಸಂಶಯ ಪಕ್ಕದ ಸೀಟಿಗೆ ಬಂದು ಕುಳಿತಿತು. ಮಾಮಾ ನನ್ನನ್ನು ಕರೆದದ್ದು ನಾನು ಆಡಿದೆನೆಂದೋ, ಸೋತೆನೆಂದೋ? ಗೆದ್ದ ವಾರ ಗೋದಾಮಿನಲ್ಲಿ ಮಾಲು ತುಂಬಿತ್ತು. ಸೋತ ವಾರ ಲಗೂ ಬಾ. ಓದುಗರು ದಾಕ್ಷಿಣ್ಯವುಳ್ಳವರು, ನನ್ನನ್ನು ಸಮಾಧಾನಪಡಿಸುವ ಉತ್ತರವನ್ನೇ ಆರಿಸಿಕೊಳ್ಳುತ್ತಾರೆ. ನಾನು ಓದಿದ ಶಾಸ್ತ್ರದಲ್ಲಿ ದಾಕ್ಷಿಣ್ಯಕ್ಕೆ ಆಧಾರವೆಂಬ ಮನ್ನಣೆಯಿಲ್ಲ. ಖಚಿತವಾಗಿ ತಿಳಿಯಲು ಇರುವುದು ಒಂದೇ ದಾರಿ: ಮುಂದಿನ ರವಿವಾರ ಗೆದ್ದು ನೋಡಬೇಕು.